ಅರ್ಧ ಬಾಟ್ಲಿ ಇಂಜಿನ್ನು

ಆ ತಾಮ್ರದ ಕೊಳವೆಯನ್ನು ನೆಟ್ಟಗೆ ಇಟ್ಟಿದ್ದರೆ ಇಷ್ಟು ದೊಡ್ಡ ರಾಮಾಯಣ ಆಗುತ್ತಿರಲಿಲ್ಲ. ಆದರೆ ಹಾಸನದ ರದ್ದಿ ಅಂಗಡಿಯಲ್ಲಿ ಪುಟ್ಟರಾಜುವಿಗೆ ಸಿಕ್ಕಿದ ಇಂಗ್ಲಿಷ್ ಪುಸ್ತಕದ ಚಿತ್ರದಲ್ಲಿ ಕೊಳವೆ ಸುರುಳಿ ಸುತ್ತಿಕೊಂಡಿತ್ತು. ಹೊಸದಾಗಿ ಕಲಿಯುವವರು ಮನೆಯಲ್ಲೇ ಆಟಿಕೆಯಷ್ಟು ಉಗಿ ಇಂಜಿನ್ ಮಾಡಿಕೊಳ್ಳುವುದು ಹೇಗೆಂದು ಹೇಳುವ ಪುಸ್ತಕ ಅದು. ಅವನಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಚಿತ್ರ ನೋಡುತ್ತಿದ್ದ. ಚಿತ್ರದಲ್ಲಿ ಸುರುಳಿ ಇದ್ದ ಮೇಲೆ ಸುರುಳಿಯೇ ಆಗಬೇಕೆಂದು, ಚನ್ನರಾಯಪಟ್ಟಣದಿಂದ ತಂದ ಕೊಳವೆಯನ್ನು ತಾಯಿಯ ಒನಕೆಗೆ ಸುತ್ತಿ ಸುತ್ತಿ ಬಳೆಬಳೆಯಾಗಿ ಬಗ್ಗಿಸಿದ.

ಪುಟ್ಟರಾಜು ಹೊಳೆನರಸೀಪುರದ ಬೀಜದ ಡಿಪೋದಲ್ಲಿ ಗುಮಾಸ್ತ. ದಿನಾ ರೈಲ್ವೆ ಗೇಟಿನ ಹತ್ತಿರ ಸೈಕಲ್ಲಿನಿಂದ ಇಳಿದು ನಿಂತು, ಮೈಸೂರು ರೈಲಿನ ಇಂಜಿನ್ ದಾಟುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದವನಿಗೆ ತನ್ನದೇ ಒಂದು ಇಂಜಿನ್ ಇರಬೇಕೆಂಬ ಹುಚ್ಚು ಹತ್ತಿತ್ತು. ತಾಯಿ ಲಕ್ಕಮ್ಮನ ಹಿತ್ತಾಳೆ ಚೊಂಬಿಗೆ ಮುಚ್ಚಳ ಬೆಸುಗೆ ಹಾಕಿಸಿ, ನೀರು ಹಾಕಲು ಬಿರಡೆಯ ತೂತೊಂದು ಬಿಟ್ಟು, ಬಾಯ್ಲರ್ ಮಾಡಿದ. ಸೈಕಲ್ ಪಂಪು ಸಿಲಿಂಡರ್ ಆಯಿತು. ಹಳೇ ಹೊಲಿಗೆ ಯಂತ್ರದ್ದೊಂದು ಗಾಲಿ ಸಿಕ್ಕಿತು. ಎಲ್ಲವನ್ನೂ ಊಟದ ಮಣೆಯ ಮೇಲೆ ತಿರುಪು ಬಿಗಿದು ಕೂರಿಸಿ, ಚೊಂಬಿನ ಕೆಳಗೆ ಸ್ಪಿರಿಟ್ ದೀಪ ಇಟ್ಟ.

ಆ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ದೀಪ ಹಚ್ಚಿದ್ದೇ ತಡ, ವಾಸನೆ ಬೀದಿಗೆಲ್ಲ ಹರಡಿತು. ಆಗ ಪಾನನಿರೋಧದ ಕಾಲ. ಚೊಂಬು, ಅದರ ಮೇಲೆ ಸುರುಳಿ ಸುತ್ತಿದ ತಾಮ್ರದ ಕೊಳವೆ, ಕೆಳಗೆ ಉರಿ, ಸುತ್ತ ಸ್ಪಿರಿಟ್ಟಿನ ವಾಸನೆ. ಇದು ಏನೆಂದು ತಿಳಿಯದಷ್ಟು ಮುಗ್ಧರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ನಗುನಗುತ್ತಾ ಕಳೆದುಹೋಗುತ್ತಿತ್ತೋ ಏನೋ. ಅವತ್ತು ಮಧ್ಯಾಹ್ನದ ಬಸ್ಸಿಗೆ ಅರಕಲಗೂಡಿನ ರಂಗಸ್ವಾಮಿಗೌಡರು ವೀಳ್ಯ ಹಿಡಿದು ಬರುವವರಿದ್ದರು. ಅವರ ಮಗಳು ಮುದ್ದಮ್ಮನಿಗೂ ಪುಟ್ಟರಾಜುವಿಗೂ ಮದುವೆಯ ಮಾತು ಗಟ್ಟಿಯಾಗಬೇಕಿತ್ತು. ಹೆಣ್ಣು ನೋಡಲು ಹೋದಾಗ ಮುದ್ದಮ್ಮ ಉಪ್ಪಿಟ್ಟಿನ ತಟ್ಟೆ ಇಟ್ಟು ಒಂದೇ ಒಂದು ಸಲ ಕತ್ತೆತ್ತಿ ನೋಡಿದ್ದಳು. ಅಂದಿನಿಂದ ಪುಟ್ಟರಾಜು ಡಿಪೋದಲ್ಲಿ ರಾಗಿ ಕೇಳಿದವರಿಗೆ ಹುರುಳಿ ಅಳೆದು ಕೊಡುತ್ತಿದ್ದ. ಆದರೆ ಗೌಡರು ಅರಕಲಗೂಡಿನ ಪಾನನಿರೋಧ ಸಮಿತಿಯ ಅಧ್ಯಕ್ಷರು. ಅವರು ಒಡೆದು ಹಾಕಿದ ಕಳ್ಳಬಟ್ಟಿ ಮಡಕೆಗಳ ಚೂರಿನಲ್ಲಿ ಒಂದು ಕೆರೆ ಏರಿ ಕಟ್ಟಬಹುದೆಂದು ಜನ ಆಡಿಕೊಳ್ಳುತ್ತಿದ್ದರು. ಅವರು ಬರುವಷ್ಟರಲ್ಲಿ ಗಾಲಿ ಒಂದು ಸುತ್ತಾದರೂ ತಿರುಗಿದರೆ ಅಳಿಯನಾಗುವವನ ಬುದ್ಧಿವಂತಿಕೆ ಅವರಿಗೂ ಗೊತ್ತಾಗುತ್ತದೆ ಎಂಬುದು ಇವನ ಆಸೆ.

"ಏನ್ಲಾ ಪುಟ್ರಾಜ, ಬೆಳಬೆಳಗ್ಗೇನೆ ಏನ್ ಕಾಯಿಸ್ತಾ ಇದೀಯಾ?" ಗೋಡೆಯಾಚೆಯಿಂದ ನಂಜಮ್ಮನ ತಲೆ ಮೇಲೆದ್ದಿತು.

"ನೀರು ಕಣತ್ತೆ. ಇಂಜಿನ್ ಮಾಡ್ತಾ ಇವ್ನಿ."

ನಂಜಮ್ಮ ಮೂಗರಳಿಸಿ ಗಾಳಿ ಎಳೆದುಕೊಂಡಳು. "ನಮ್ಮ ಯಜಮಾನ್ರೂ ನೀರು ಅಂತಲೇ ಯೋಳ್ತಿದ್ರು. ಕೊನೇವರ್ಗೂ ನೀರು ಅಂತಲೇ ಕುಡುದ್ರು." ತಲೆ ಮರೆಯಾಯಿತು. ಮುಂದಿನ ಕೆಲಸವನ್ನು ಅವಳ ನಾಲಿಗೆ ನೋಡಿಕೊಂಡಿತು.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಒಳಗೆ ಬಂದವರು ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದ ಕೆಂಚಯ್ಯ. ಕೋಟಿನ ಒಳಜೇಬು ಒಂದು ಕಡೆ ಉಬ್ಬಿತ್ತು.

"ಸೊಂಟನೋವು ಕಣಪ್ಪ, ಡಾಕ್ಟ್ರು ಕೈಬುಟ್ಬುಟ್ರು. ಒಂಚೂರು ಉಜ್ಕಳಕೆ ಬೇಕಾಗಿತ್ತು."

"ಏನು ಉಜ್ಕಳಕೆ?"

"ಅದೇ, ನಿನ್ನ ಇಂಜಿನ್ನು." ಕೆಂಚಯ್ಯ ಜೇಬಿನಿಂದ ಖಾಲಿ ಬಾಟ್ಲಿ ತೆಗೆದು ಮಣೆಯ ಪಕ್ಕ ಇಟ್ಟರು.

ಪುಟ್ಟರಾಜು ಬೆವರು ಒರೆಸಿಕೊಂಡು ವಿವರಿಸಿದ. ಚೊಂಬಿನಲ್ಲಿ ನೀರು ಕುದಿಯುತ್ತದೆ, ಹಬೆ ಕೊಳವೆಯಲ್ಲಿ ಹಾದು ಪಂಪಿಗೆ ಹೋಗುತ್ತದೆ, ಪಂಪಿನ ದಂಡ ಗಾಲಿಯನ್ನು ತಳ್ಳುತ್ತದೆ. ಕೆಂಚಯ್ಯ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಭೇಷ್. ಪೋಲೀಸ್ನೋರು ಬಂದ್ರೂ ಇಂಗೇ ಯೋಳು, ಒಂದಕ್ಷರ ಬದಲಾಯಿಸ್ಬ್ಯಾಡ. ಅಷ್ಟು ವರ್ಷ ಕೋರ್ಟಲ್ಲಿದ್ದೆ, ಇಷ್ಟು ಚೆಂದಾಗಿ ಸುಳ್ಳು ಯೋಳಿದ್ದ ಕೇಳ್ಲಿಲ್ಲ."

ಅವರನ್ನೂ ಮೀರಿಸಿದವನು ಆಮೇಲೆ ಬಂದ ಡಿಪೋದ ಜವಾನ ಸಣ್ಣಯ್ಯ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಸಾಯೇಬ್ರು ಅರ್ಧ ಬಾಟ್ಲಿ ಇಂಜಿನ್ ಈಸ್ಕಂಬಾ ಅಂದ್ರು ಸಾ. ಅಮ್ಮಾವ್ರಿಗೆ ಗೊತ್ತಾಗ್ಬಾರ್ದಂತೆ."

ಪುಟ್ಟರಾಜುವಿಗೆ ತಲೆ ಕೆಟ್ಟುಹೋಯಿತು. ದೀಪ ಆರಿಸಿ, ಬಿರಡೆ ತೆಗೆದು, ಚೊಂಬಿನ ನೀರನ್ನೇ ಅವನು ತಂದ ಬಾಟ್ಲಿಗೆ ಬಗ್ಗಿಸಿ ಕೈಗೆ ಕೊಟ್ಟ. "ಕುಡುದು ನೋಡು, ನೀರೋ ಅಲ್ವೋ ನೀನೇ ಯೋಳು."

ಸಣ್ಣಯ್ಯ ಊದಿ ಊದಿ ಆರಿಸಿ ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ಬಹಳ ಹೊತ್ತು ಯೋಚಿಸಿದ. "ಬಾಯಿಗೆ ನೀರಿನಂಗೇ ಐತೆ ಸಾ. ತಲೆಗೇರೋದು ನಿಧಾನ. ಒಳ್ಳೇ ಮಾಲು ಇಂಗೇ ಇರ್ತದೆ." ಇನ್ನೆರಡು ಗುಟುಕು ಹಾಕಿ, ಬೀದಿಯಲ್ಲಿ ಆ ಗೋಡೆಗೊಮ್ಮೆ ಈ ಗೋಡೆಗೊಮ್ಮೆ ಒರಗುತ್ತಾ ಹೋದ. ಅದನ್ನು ಕಂಡ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹಿತ್ತಲ ಬೇಲಿಯ ಉದ್ದಕ್ಕೂ ಸೊಂಟನೋವಿನವರು, ಮಂಡಿನೋವಿನವರು, ಬಾಣಂತಿಗೆ ಔಷಧಿ ಬೇಕಾದವರು ಬಾಟ್ಲಿ ಹಿಡಿದು ನಿಂತುಬಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಇಳಿದ ರಂಗಸ್ವಾಮಿಗೌಡರು ಪುಟ್ಟರಾಜುವಿನ ಮನೆ ಎಲ್ಲಿ ಎಂದು ಹೋಟೆಲಿನ ಬೈರಯ್ಯನನ್ನು ಕೇಳಿದರು. ಬೈರಯ್ಯ ಅವರ ಖಾದಿ ಜುಬ್ಬ ನೋಡಿದ, ಕೈಚೀಲ ನೋಡಿದ, ಅನುಕಂಪದಿಂದ ಅಂದ, "ಅಷ್ಟು ದೂರದಿಂದ ಬಂದ್ರಾ? ಬಾಟ್ಲಿ ತಂದಿದೀರೋ ಇಲ್ವೋ? ಬೆಳಗ್ಗಿಂದ ರಶ್ಶು."

ಗೌಡರು ಮನೆಗೆ ಬಂದವರು ವೀಳ್ಯದ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆಯಲು ನೀರು ಹಿಡಿದು ನಿಂತ ಲಕ್ಕಮ್ಮನನ್ನು ದಾಟಿ, ಕೊಡೆಯನ್ನು ದೊಣ್ಣೆಯಂತೆ ಎತ್ತಿಕೊಂಡು ಸೀದಾ ಹಿತ್ತಲಿಗೆ ನುಗ್ಗಿದರು. ಬೇಲಿಯ ಪಕ್ಕದ ಬಾಟ್ಲಿಗಳೆಲ್ಲ ಸೆರಗಿನೊಳಗೂ ಪಂಚೆಯೊಳಗೂ ಮಾಯವಾದವು. ಜನ ಮಾತ್ರ ಕದಲಲಿಲ್ಲ.

ಪುಟ್ಟರಾಜು ಮಣೆಯ ಮೇಲೆ ಅಡ್ಡ ಬಿದ್ದ. "ಒಡೀಬ್ಯಾಡಿ ಗೌಡ್ರೆ, ಇದು ಇಂಜಿನ್ನು."

"ಊರೋರೆಲ್ಲ ಅದ್ನೇ ಯೋಳ್ತಾ ಅವ್ರೆ. ಇಂಜಿನ್ ಆದ್ರೆ ಓಡ್ಸಿ ತೋರ್ಸು. ಓಡ್ದೆ ಇದ್ರೆ ಇದ್ನೂ ಒಡಿತೀನಿ, ಸಂಬಂಧನೂ ಮುರಿತೀನಿ."

ಇಂಜಿನ್ ಅಲ್ಲಿಯವರೆಗೆ ಒಂದು ಸಲವೂ ಓಡಿರಲಿಲ್ಲ. ಪುಟ್ಟರಾಜು ಚೊಂಬಿಗೆ ನೀರು ಹಾಕಿ ಬಿರಡೆ ಬಿಗಿದು ದೀಪ ಹಚ್ಚಿದ. ನೀರು ಕುದಿಯಿತು. ಹಬೆ ಬಂತು, ಆದರೆ ಪಂಪಿನ ದಂಡ ಹೊರಬರುವ ತೂತಿನಿಂದ ಬುಸ್ಸೆಂದು ಸೋರಿಹೋಯಿತು. ಗಾಲಿ ಅಲ್ಲಾಡಲಿಲ್ಲ. ಮುದ್ದಮ್ಮ ಕತ್ತೆತ್ತಿ ನೋಡಿದ ಆ ಒಂದು ನೋಟ ಅವನ ಕಣ್ಣ ಮುಂದೆ ಬಂದು ಅಳು ಬಂದಂತಾಯಿತು. ಗೌಡರ ಕೊಡೆ ಮೇಲೆದ್ದಿತು.

ಆಗ ಪುಸ್ತಕದ ಒಂದು ಮಾತು ನೆನಪಾಯಿತು. ಹತ್ತಿಯ ದಾರವನ್ನು ಜಿಡ್ಡಿನಲ್ಲಿ ಅದ್ದಿ ತೂತಿನ ಸುತ್ತ ತುರುಕಬೇಕು. ಪುಟ್ಟರಾಜು ಜಗಲಿಗೆ ಓಡಿದ. ವೀಳ್ಯದ ಕಟ್ಟಿಗೆ ಸುತ್ತಿದ್ದ ಅರಿಶಿನದ ದಾರವನ್ನು ಸರ್ರನೆ ಎಳೆದುಕೊಂಡ. ಎಲೆಗಳು ಜಗಲಿಯ ತುಂಬ ಚೆಲ್ಲಿದವು, ತೆಂಗಿನಕಾಯಿ ಉರುಳಿ ಚರಂಡಿಗೆ ಬಿತ್ತು. ಒಬ್ಬಟ್ಟಿಗೆಂದು ಲಕ್ಕಮ್ಮ ಕಾಯಿಸಿಟ್ಟಿದ್ದ ತುಪ್ಪದಲ್ಲಿ ದಾರವನ್ನು ಮುಳುಗಿಸಿ, ಬಂದು ಪಂಪಿಗೆ ಸುತ್ತಿ ತುರುಕಿದ. "ಅಯ್ಯೋ ನಿನ್ನ" ಎಂದು ಬಯ್ಯುತ್ತಾ ಲಕ್ಕಮ್ಮ ಚರಂಡಿಗೆ ಬಿದ್ದ ಕಾಯಿ ಎತ್ತಲು ಓಡಿದಳು.

ಗಾಲಿಗೆ ಬೆರಳಲ್ಲಿ ಒಂದು ತಳ್ಳು ಕೊಟ್ಟ. ಗಾಲಿ ಅರ್ಧ ಸುತ್ತು ಹೋಗಿ ನಿಂತಿತು, ಹಿಂದಕ್ಕೆ ಬಂತು, ಏನೋ ಮನಸ್ಸು ಮಾಡಿದಂತೆ ಮತ್ತೆ ಮುಂದಕ್ಕೆ ಹೊರಟಿತು. ಆಮೇಲೆ ನಿಲ್ಲಲೇ ಇಲ್ಲ. ಟುಕು ಟುಕು ಎನ್ನುತ್ತಾ ತುಪ್ಪ ಸಿಡಿಸುತ್ತಾ ಗರಗರನೆ ತಿರುಗತೊಡಗಿತು. ಪುಟ್ಟರಾಜು ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ, ಗಲ್ಲವನ್ನು ಮಣ್ಣಿಗೊತ್ತಿ ನೋಡುತ್ತಾ ಹುಚ್ಚನಂತೆ ನಗುತ್ತಿದ್ದ.

"ಮಾವ, ಆ ಕೊಡೆ ಬಿಸಾಕಿ ಇಲ್ ಬನ್ನಿ. ಗಾಳಿ ಬರ್ದಂಗೆ ದೀಪಕ್ಕೆ ಕೈ ಅಡ್ಡ ಇಡ್ಕಳಿ."

ಗೌಡರು ಕೊಡೆ ಬಿಸಾಕಿ, ಕುಕ್ಕರುಗಾಲಲ್ಲಿ ಕೂತು, ಕೈ ಅಡ್ಡ ಹಿಡಿದರು. ನೀರು ಮುಗಿಯುತ್ತಾ ಬಂದು ಪುಟ್ಟರಾಜು ದೀಪ ಆರಿಸುವವರೆಗೂ ಅವರು ಗಾಲಿಯಿಂದ ಕಣ್ಣು ತೆಗೆಯಲಿಲ್ಲ.

"ಅಂದ್ರೆ ನಿಜವಾಗ್ಲೂ ನೀರಾ?" ಕೆಂಚಯ್ಯನವರ ದನಿಯಲ್ಲಿ ಮೋಸಹೋದ ಸಂಕಟವಿತ್ತು. "ಒಳ್ಳೇ ಹುಡುಗ ಅನ್ಕಂಡಿದ್ದೆ." ಬೇಲಿಯ ಬಳಿಯ ಜನ ಗೊಣಗುತ್ತಾ ಚದುರಿದರು.

ಪುಟ್ಟರಾಜು ಎದ್ದು ಮೈ ಕೊಡವಿಕೊಂಡ. ಅಷ್ಟು ಸಂತೋಷವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಇಂಜಿನ್ ಓಡಿತ್ತು, ಮಾನ ಉಳಿದಿತ್ತು, ಇನ್ನು ಮುದ್ದಮ್ಮ ಬರುವುದೊಂದೇ ಬಾಕಿ. ಲಕ್ಕಮ್ಮ ಚೆಲ್ಲಿದ ಎಲೆಗಳನ್ನು ಆಯ್ದು ತಟ್ಟೆಗೆ ಜೋಡಿಸಿ ತಂದಳು. "ಕಳ್ಳಬಟ್ಟಿ ಅಲ್ಲ ಅಂತ ಕಣ್ಣಾರೆ ನೋಡುದ್ರಲ್ಲ ಗೌಡ್ರೆ. ವೀಳ್ಯ ಬದಲಾಯಿಸ್ಕಳವಾ?"

ಗೌಡರು ಕೈಗೆ ಅಂಟಿದ ತುಪ್ಪವನ್ನು ನಿಧಾನವಾಗಿ ಒರೆಸಿಕೊಂಡರು.

"ತಪ್ ತಿಳ್ಕಬ್ಯಾಡಿ ಲಕ್ಕಮ್ಮ. ಕಳ್ಳಬಟ್ಟಿ ಆಗಿದ್ರೆ ಮಗಳನ್ನ ಕೊಟ್ಬುಡ್ತಿದ್ದೆ. ಮಡಕೆ ಒಡದು, ದೇವ್ರ ಮುಂದೆ ಆಣೆ ಆಕ್ಸಿ, ಎಷ್ಟೋ ಜನನ ಸರಿ ಮಾಡಿವ್ನಿ. ಕುಡಿಯೋ ಚಟ ಬುಡುಸ್ಬೋದು. ಇದು ಬುಡೋ ಚಟ ಅಲ್ಲ, ನಿಮ್ಮ ಮಗನ ಮಕ ನೋಡುದ್ರೆ ಗೊತ್ತಾಯ್ತದೆ. ಇವತ್ತು ವೀಳ್ಯದ ದಾರ ಕಿತ್ತೋನು ನಾಳೆ ಇಂಜಿನ್ ಸೋರಿದ್ರೆ ನನ್ ಮಗಳ ತಾಳಿ ದಾರಕ್ಕೂ ಕೈ ಆಕ್ತಾನೆ. ಈ ಸಂಬಂಧ ಬ್ಯಾಡ."

ಪುಟ್ಟರಾಜು ಇಲ್ಲ ಎನ್ನಲು ಹೋದ. ತಾಳಿ ದಾರವೂ ಹತ್ತಿಯದೇ ಅಲ್ಲವೇ ಎಂಬ ಯೋಚನೆ ಆಗಲೇ ಬಂದುಹೋಗಿತ್ತು. ಅದನ್ನು ಗೌಡರೂ ಅವನ ಮುಖದಲ್ಲಿ ಓದಿದಂತಿತ್ತು.

"ಇದು ಮನೇಲಿದ್ರೆ ನಿಂಗೆ ಬೇರೆ ಯಾರೂ ಹೆಣ್ ಕೊಡಲ್ಲ ಕಣಪ್ಪ. ನಿನ್ನ ಒಳ್ಳೇದಕ್ಕೇ ಯೋಳ್ತಿವ್ನಿ. ನಾನೇ ತಕ್ಕೊಂಡೋಗಿ ಕೆರೆಗೆ ಆಕ್ಬುಡ್ತೀನಿ." ಗೌಡರು ಹೆಗಲ ಮೇಲಿನ ಶಾಲು ತೆಗೆದು ಇಂಜಿನ್ನನ್ನು ಮಣೆ ಸಮೇತ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡರು. ಪಾನನಿರೋಧದ ಅಧ್ಯಕ್ಷರ ಮಾತೆಂದು ಲಕ್ಕಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅವರು ಮರೆತ ಕೊಡೆ ಹಿಡಿದು ಪುಟ್ಟರಾಜು ಬಸ್ ಸ್ಟ್ಯಾಂಡಿಗೆ ಓಡಿದ. ಬಸ್ಸು ಹೊರಡುವುದರಲ್ಲಿತ್ತು. ಗೌಡರು ಕಿಟಕಿಯ ಪಕ್ಕ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದರು. ಕೊಡೆ ಈಸಿಕೊಂಡು, ಪಕ್ಕದವರ ಕಡೆ ಒಮ್ಮೆ ನೋಡಿ, ತಲೆ ಹೊರಗೆ ಹಾಕಿದರು.

"ಆ ದೀಪದ ಬತ್ತಿ ಎಷ್ಟು ಮ್ಯಾಲಕ್ಕೆ ಎತ್ತಬೇಕು?"

"ಅರ್ಧ ಬೆರಳು ಸಾಕು," ಎಂದ ಪುಟ್ಟರಾಜು. ಬಸ್ಸು ಕದಲಿತು, ಅವನು ಕಿಟಕಿ ಹಿಡಿದು ಜೊತೆಗೇ ಓಡಿದ. "ಚೊಂಬಲ್ಲಿ ನೀರು ಪೂರ್ತಿ ಇಂಗಕೆ ಬುಡಬ್ಯಾಡಿ ಮಾವ, ಬೆಸುಗೆ ಬುಟ್ಕತದೆ."

"ಆಯ್ತು ಆಯ್ತು," ಎಂದರು ಗೌಡರು ಗಂಟನ್ನು ಇನ್ನಷ್ಟು ಅವಚಿಕೊಂಡು. "ಮಾವ ಅನ್ಬ್ಯಾಡ."