ಸರೋವರಕ್ಕೆ ಬಿದ್ದ ಅರ್ಧ ವೃತ್ತ

ಮ್ಯಾನಿಟೊವಾಕ್ ಊರಿನ ಮನೆಗಳ ಹುಳುಕೆಲ್ಲ ವೆಂಡೆಲ್ ಟೆಸ್ಕಿಯ ಕಣ್ಣಿಗೆ ಬೀಳುತ್ತಿತ್ತು. ಬೀಳದೆ ಉಳಿದದ್ದು ಒಂದೇ, ಅವನದೇ ಅಡುಗೆಮನೆಯ ನಲ್ಲಿ. ಅದು ಚಳಿಗಾಲದಿಂದ ತೊಟ್ಟಿಕ್ಕುತ್ತಿತ್ತು. ಹೆಂಡತಿ ಲೊರೇನ್ ಆ ಸುದ್ದಿ ಎತ್ತಿದಾಗಲೆಲ್ಲ ಅವನು ವಿಸ್ಕಾನ್ಸಿನ್ ರಾಜ್ಯದ ಕಾನೂನನ್ನು ಗುರಾಣಿಯಂತೆ ಹಿಡಿಯುತ್ತಿದ್ದ.

"ನಾನು ಪರವಾನಗಿ ಪಡೆದ ಮನೆ ತಪಾಸಕ ಕಣೇ. ತಪಾಸಣೆ ಮಾಡಿದವನೇ ಅಲ್ಲಿ ರಿಪೇರಿ ಮಾಡಿ ಕೂಲಿ ತಗೋಬಾರದು. ಈ ನಲ್ಲೀನ ನಾನು ಆಗಲೇ ತಪಾಸಣೆ ಮಾಡಿಬಿಟ್ಟಿದ್ದೀನಿ."

"ನಿನಗೆ ಕೂಲಿ ಕೊಡ್ತೀನಿ ಅಂದೋರು ಯಾರು?"

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಗದ ಕಾರಣ ವೆಂಡೆಲ್ ಗ್ಯಾರೇಜಿಗೆ ಹೋಗಿ ಏಣಿ ಒರೆಸುತ್ತಿದ್ದ. (ಹತ್ತುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಮಂಡಿಗಳೆರಡೂ ರಾಜೀನಾಮೆ ಕೊಟ್ಟಿದ್ದವು.)

ಮಂಡಿಯ ದೆಸೆಯಿಂದಲೇ ಈ ಕಥೆ ಹುಟ್ಟಿದ್ದು. ಮನೆ ಮಾರುವ ಕೊಳ್ಳುವ ವಸಂತ ಬಂದರೆ, ಕೊಳ್ಳುವ ಮುನ್ನ ಮನೆ ತಪಾಸಣೆ ಮಾಡಿಸುವವರ ಫೋನು ಬಡಿದುಕೊಳ್ಳುತ್ತದೆ. ಯಾರಾದರೂ ಮಾಡಿನ ಮೇಲೆ ಹತ್ತಬೇಕು, ನೆಲದಡಿಯ ಸಂದಿನಲ್ಲಿ ತೆವಳಬೇಕು. ಹಿಂದೆ ಡ್ವೇನ್ ಎಂಬ ಒಬ್ಬನನ್ನು ಇಟ್ಟುಕೊಂಡಿದ್ದ. ಅವನು ಕೆಲಸ ಕಲಿತು, ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಸ್ವಂತ ಬೋರ್ಡು ಹಾಕಿ, ವೆಂಡೆಲ್‌ನ ಅರ್ಧಕ್ಕರ್ಧ ಗಿರಾಕಿಗಳನ್ನು ಕರೆದುಕೊಂಡುಹೋದ. ಆ ಗಾಯ ಇನ್ನೂ ಹಸಿಯಾಗಿತ್ತು. ಈಗ ಮಾರ್ಲಾ ದೆಸ್ಟ್ರೀ ಎಂಬ ನಲವತ್ತರ ಹೆಂಗಸು ಕೆಲಸ ಕೇಳಿ ಬಂದಿದ್ದಳು. ಪರವಾನಗಿ ಇತ್ತು, ಮೈ ಸಣ್ಣ, ಹೆದರಿಕೆ ಇಲ್ಲ. ಅವಳೂ ಡ್ವೇನ್‌ನ ಹಾದಿ ಹಿಡಿದರೆ ಟೆಸ್ಕಿ ತಪಾಸಣಾ ಸಂಸ್ಥೆಗೆ ಬೀಗ.

"ಈ ಸಲ ಕರಾರು ಪತ್ರ ಬರೀತೀನಿ," ಎಂದು ವೆಂಡೆಲ್ ಘೋಷಿಸಿದ. "ಬಿಟ್ಟುಹೋದೋರು ಎರಡು ವರ್ಷ ಸುತ್ತಮುತ್ತ ಎಲ್ಲೂ ಇದೇ ಕಸುಬು ಮಾಡಬಾರದು."

"ವಕೀಲನ ಹತ್ರ ಬರೆಸು."

"ಕುಳಿತರೂ ದುಡ್ಡು ಕೇಳೋ ಜಾತಿ ಅದು. ನನಗೆ ಬರೆಯೋಕೆ ಬರಲ್ವಾ?"

ಅಡುಗೆಮನೆಯ ಮೇಜಿನ ಮೇಲೆ ಶಾಸನ ರಚನೆ ಶುರುವಾಯಿತು. ಭಾವಮೈದುನನ ಕೀಟನಾಶಕ ಕಂಪನಿಯ ಕರಾರಿನಿಂದ ಒಂದು ಪುಟ, ಯಾವುದೋ ಕೂದಲು ಕತ್ತರಿಸುವ ಅಂಗಡಿಯದರಿಂದ ಇನ್ನೊಂದು ಪುಟ ತಂದು ಹೊಲಿದ. ವೆಂಡೆಲ್ ಹೇಳುತ್ತಿದ್ದ, ಲೊರೇನ್ ಟೈಪು ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಸಂಸ್ಥೆಯ ಫೋನು, ಬಿಲ್ಲು, ಗಿರಾಕಿಗಳ ಮಕ್ಕಳ ಹೆಸರು ಎಲ್ಲ ಅವಳ ಪಾಲೇ. (ಸಂಬಳ ಅವಳ ಪಾಲಿಗೆ ಬಂದಿರಲಿಲ್ಲ.)

"ಏಣಿ ಕೆಲಸಗಾರರೇ ತರತಕ್ಕದ್ದು. ಹಿಮ ಬಿದ್ದು ತಪಾಸಣೆ ರದ್ದಾದರೆ ಆ ದಿನದ ಕೂಲಿ ಇಲ್ಲ. ಗಿರಾಕಿ ಹೆಚ್ಚಿರುವ ಮೇ ತಿಂಗಳಲ್ಲಿ ಕಾಯಿಲೆ ಬೀಳತಕ್ಕದ್ದಲ್ಲ."

"ಬಿದ್ದರೆ?"

"ಬೀಳತಕ್ಕದ್ದಲ್ಲ ಅಂತ ಬರೆದಿದೆಯಲ್ಲ."

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಇನ್ನೊಬ್ಬರ ಮನೆಯಡಿ ಜೇಡರ ಬಲೆಯಲ್ಲಿ ಮುಖ ಒರೆಸಿಕೊಂಡು ಅನ್ನ ಸಂಪಾದಿಸುವವರ ಕೈಗೆ ಇಂಥ ಕಾಗದ ಕೊಡುವವರು ವೆಂಡೆಲ್‌ನಂಥ ಪುಡಿ ಯಜಮಾನರಷ್ಟೇ ಅಲ್ಲ, ಗಾಜಿನ ಕಟ್ಟಡಗಳ ಮಹಾಶಯರೂ ಕೊಡುತ್ತಾರೆ. ಕಸುಬು ಕಲಿತ ಕೈಯನ್ನು ತಾವು ಕೊಂಡ ಸರಕು ಎಂದು ನಂಬುತ್ತಾರೆ. ವೆಂಡೆಲ್‌ನದು ಅದೇ ರೋಗ, ಅಗ್ಗದ ಪೊಟ್ಟಣದಲ್ಲಿ.

ಕೊನೆಗೆ ಬಂದದ್ದು ಮುಖ್ಯ ಷರತ್ತು. ಇಪ್ಪತ್ತು ಮೈಲಿ ಎಂದು ಬರೆಸಿ, ಖಾತ್ರಿಗೆ ಭೂಪಟ ಹರಡಿ, ಮ್ಯಾನಿಟೊವಾಕ್ ಮೇಲೆ ಕೈವಾರ ಊರಿ ವೃತ್ತ ಎಳೆದ. ಎಳೆದವನು ಹಾಗೇ ಕುಸಿದ.

"ಅರ್ಧಕ್ಕೆ ಅರ್ಧ ಮಿಶಿಗನ್ ಸರೋವರದಲ್ಲಿ ಬಿತ್ತಲ್ಲೇ."

"ದಂಡೆ ಮೇಲಿರೋ ಊರಲ್ವಾ, ಇನ್ನೆಲ್ಲಿ ಬೀಳುತ್ತೆ?"

"ನೀರೊಳಗೆ ಯಾರ ಮನೆ ಇದೆ? ಈ ಅರ್ಧ ಮೀನಿಗೆ ಹಾಕಿದ ಹಾಗಾಯ್ತು. ಪೂರ್ತಿ ವೃತ್ತ ನನ್ನ ಹಕ್ಕು. ನಲವತ್ತು ಮಾಡು."

ನಲವತ್ತರ ವೃತ್ತ ಎಳೆದರೆ ಸರೋವರ ಇನ್ನೂ ಹೆಚ್ಚು ನುಂಗಿತು. ಎಂಬತ್ತು ಮಾಡಿದ. ಒಂದು ಕಡೆ ಮಿಲ್ವಾಕಿ ಒಳಗೆ ಬಂತು, ಇನ್ನೊಂದು ಕಡೆ ಗೆರೆ ನೀರು ದಾಟಿ ಎದುರು ದಂಡೆಯ ಮಿಶಿಗನ್ ರಾಜ್ಯವನ್ನೇ ಮುಟ್ಟಿತು. ವೆಂಡೆಲ್‌ನ ಮುಖದಲ್ಲಿ ದಿಗ್ವಿಜಯದ ಕಳೆ.

ಲೊರೇನ್ ಟೈಪು ನಿಲ್ಲಿಸಿದಳು. "ನೋಡು ಮಾರಾಯ, ಶುಕ್ರವಾರ ಮೀನೂಟಕ್ಕೆ ಹೋಟೆಲಿಗೆ ಹೋದಾಗ ಪಕ್ಕದ ಮೇಜಲ್ಲಿ ವಕೀಲ ಗುಂಡರ್ಸನ್ ಇದ್ದ. ಕೇಳಿದೆ. ನಮ್ಮ ರಾಜ್ಯದಲ್ಲಿ ಇಂಥ ಷರತ್ತು ಅತಿಯಾದರೆ ಕೋರ್ಟು ಅದನ್ನ ಕತ್ತರಿಸಿ ಸರಿ ಮಾಡಲ್ವಂತೆ. ಇಡೀ ಷರತ್ತನ್ನೇ ಕಿತ್ತು ಬಿಸಾಕುತ್ತಂತೆ. ಇಪ್ಪತ್ತು ಕೇಳಿದ್ರೆ ಇಪ್ಪತ್ತಾದರೂ ಸಿಗಬಹುದು, ಎಂಬತ್ತು ಕೇಳಿದ್ರೆ ಸೊನ್ನೆ."

"ಗುಂಡರ್ಸನ್ ಕೈಯಲ್ಲಿ ಬ್ರಾಂದಿ ಗ್ಲಾಸು ಇತ್ತಾ ಇರಲಿಲ್ವಾ?"

"ಇತ್ತು."

"ಹಾಗಾದರೆ ಅದು ಬ್ರಾಂದಿಯ ಅಭಿಪ್ರಾಯ. ಎಂಬತ್ತು ಟೈಪು ಮಾಡು."

ಲೊರೇನ್ ಟೈಪು ಮಾಡಿದಳು. ನಲ್ಲಿ ತೊಟ್ಟಿಕ್ಕಿತು.

ಮರುದಿನ ಮಾರ್ಲಾ ಬಂದು ಪತ್ರವನ್ನು ಸಾವಧಾನವಾಗಿ ಓದಿದಳು. ಓದುತ್ತಾ ಓದುತ್ತಾ ಅವಳ ತುಟಿಯ ಅಂಚು ಯಾಕೋ ಮೇಲೆ ಹೋಯಿತು.

"ಯಜಮಾನ್ರೇ, ಈ ವೃತ್ತದಲ್ಲಿ ಸರೋವರಾನೂ ಸೇರಿದೆ. ದೋಣಿಮನೆ ತಪಾಸಣೆನೂ ಮಾಡಬಾರದಾ?"

"ಮಾಡಬಾರದಮ್ಮ."

"ಹಿಮ ಬಿದ್ದ ದಿನದ ಕೂಲಿ ಮಾತ್ರ ಕೊಡಿ, ಮಿಕ್ಕಿದ್ದೆಲ್ಲ ಒಪ್ಪಿದೆ."

"ಕೊಟ್ಟರೆ ಆಕಾಶಕ್ಕೆ ಸಂಬಳ ಕೊಟ್ಟ ಹಾಗೆ."

ಮಾರ್ಲಾ ಸಹಿ ಹಾಕಿದಳು. ಹೊರಡುವಾಗ ಲೊರೇನ್ ಕಡೆ ನೋಡಿದಳು, ಲೊರೇನ್ ಕಿಟಕಿಯ ಕಡೆ ನೋಡಿದಳು.

ಬೇಸಿಗೆಯಿಡೀ ಮಾರ್ಲಾ ತೆವಳಿದಳು, ಹತ್ತಿದಳು, ವರದಿ ಬರೆದಳು. ವೆಂಡೆಲ್ ಕಾರಿನಲ್ಲಿ ಕೂತು ಚೀಸಿನ ಉಂಡೆ ತಿಂದ. ಚಳಿ ಬಂತು, ಹಿಮ ಬಿತ್ತು, ವಾರದ ಅರ್ಧದಷ್ಟು ದಿನಗಳಿಗೆ ಕೂಲಿ ಇಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಮಾರ್ಲಾ ಬಂದು, ಬಿಡ್ತೀನಿ ಯಜಮಾನ್ರೇ, ಎಂದಳು. ಅವಳ ಹೊಸ ಬೋರ್ಡು ಎದ್ದದ್ದು ಬೀದಿಯ ತುದಿಯಲ್ಲೂ ಅಲ್ಲ, ವೆಂಡೆಲ್ ಮನೆಯ ಎದುರಿಗೇ.

ವೆಂಡೆಲ್ ಪತ್ರ ಹಿಡಿದು ಗುಂಡರ್ಸನ್ ಕಚೇರಿಗೆ ನುಗ್ಗಿದ. ಗುಂಡರ್ಸನ್ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದ.

"ಮಿಶಿಗನ್ ದಂಡೆವರೆಗೂ ಬೇಕಿತ್ತೇನಯ್ಯಾ ನಿನಗೆ?"

"ಅರ್ಧ ನೀರಿಗೆ ಹೋಯ್ತಲ್ಲ ಸ್ವಾಮಿ."

"ಈಗ ಪೂರ್ತಿ ಹೋಯ್ತು. ಇದನ್ನ ಕೋರ್ಟಿಗೆ ಒಯ್ದರೆ ಜಡ್ಜು ಓದೋದು ಒಂದೇ ಸಲ, ನಗೋದು ಎರಡು ಸಲ. ನಿನ್ನ ಹೆಂಡತಿಗೆ ಅವತ್ತೇ ಹೇಳಿದ್ದೆ."

"ಆಗ ನೀವು ಬ್ರಾಂದಿ ಕುಡಿದಿದ್ರಿ."

"ಕುಡಿದಾಗ ಹೇಳೋ ಮಾತಿಗೆ ನಾನು ದುಡ್ಡು ತಗೊಳ್ಳಲ್ಲ. ಇವತ್ತಿನದಕ್ಕೆ ತಗೋತೀನಿ."

ಮನೆಗೆ ಬಂದರೆ ಅಡುಗೆಮನೆಯ ಮೇಜು ಖಾಲಿ. ಫೋನೂ ಇಲ್ಲ, ಟೈಪು ಯಂತ್ರವೂ ಇಲ್ಲ. ಲೊರೇನ್ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ?"

"ಎದುರುಗಡೆ. ಮಾರ್ಲಾ ನನ್ನನ್ನ ವ್ಯವಸ್ಥಾಪಕಿ ಮಾಡಿದ್ದಾಳೆ. ಸಂಬಳ ಇದೆ."

"ನೀನು ಹಾಗೆಲ್ಲ ಹೋಗೋ ಹಾಗಿಲ್ಲ ಕಣೇ. ಕರಾರು..."

"ತೋರಿಸು ನನ್ನ ಕರಾರು."

ವೆಂಡೆಲ್ ಹುಡುಕುವವನಂತೆ ಒಂದು ಡ್ರಾಯರ್ ಎಳೆದ. ಅದರಲ್ಲಿ ಚಮಚಗಳಿದ್ದವು. ಇಷ್ಟು ವರ್ಷ ಅವಳಿಗೊಂದು ಪತ್ರ ಬರೆದುಕೊಡಬೇಕು ಎಂದು ಅವನಿಗೆ ಹೊಳೆದಿರಲೇ ಇಲ್ಲ. ಬರೆದಿದ್ದರೆ ಸಂಬಳದ ಜಾಗದಲ್ಲಿ ಏನಾದರೂ ತುಂಬಿಸಬೇಕಾಗುತ್ತಿತ್ತು.

ಫೆಬ್ರವರಿ ಮುಗಿಯುವಷ್ಟರಲ್ಲಿ ಗಿರಾಕಿಗಳು ಲೊರೇನ್‌ಳ ದನಿ ಹಿಂಬಾಲಿಸಿ ಬೀದಿ ದಾಟಿದರು. ಒಂದು ಸಂಜೆ ಮಾರ್ಲಾ ಮತ್ತು ಲೊರೇನ್ ಒಂದೇ ಒಂದು ಹಾಳೆ ತಂದು ವೆಂಡೆಲ್‌ನ ಮುಂದಿಟ್ಟರು.

"ನಿಮ್ಮ ಕಣ್ಣು ಚೆನ್ನಾಗಿದೆ, ಮಂಡಿ ಚೆನ್ನಾಗಿಲ್ಲ," ಎಂದಳು ಮಾರ್ಲಾ. "ನಾನು ತೆಗೆದ ಫೋಟೋ ನೋಡಿ ವರದಿ ಬರೀರಿ. ಹತ್ತೋದಿಲ್ಲ, ತೆವಳೋದಿಲ್ಲ."

ವೆಂಡೆಲ್ ಓದಿದ. ಹಿಮ ಬಿದ್ದ ದಿನಕ್ಕೂ ಕೂಲಿ. ಮೇ ತಿಂಗಳಲ್ಲಿ ಕಾಯಿಲೆ ಬೀಳಲು ಅನುಮತಿ. ಕೆಲಸ ಬಿಟ್ಟರೆ ಆರು ತಿಂಗಳು, ಅದೂ ಮ್ಯಾನಿಟೊವಾಕ್ ಊರೊಳಗೆ ಮಾತ್ರ, ಎದುರು ಅಂಗಡಿ ಹಾಕುವಂತಿಲ್ಲ. ಅವನ ಹಳೆಯ ಅಭಿಮಾನ ಹೆಡೆ ಎತ್ತಿತು.

"ಇಷ್ಟು ಪುಟ್ಟ ಷರತ್ತಾ? ಇದರಿಂದ ನಿಮಗೆ ನನ್ನನ್ನ ಹಿಡಿದಿಡೋಕಾಗುತ್ತಾ?"

"ಪುಟ್ಟದಾಗಿರೋದಕ್ಕೇ ಇದು ನಿಲ್ಲುತ್ತೆ," ಎಂದಳು ಲೊರೇನ್. "ಗುಂಡರ್ಸನ್ ನೋಡಿದ್ದಾನೆ. ಈ ಸಲ ಕಾಫಿ ಕುಡೀತಾ."

ವೆಂಡೆಲ್ ಪೆನ್ನು ಎತ್ತಿದ. ಹಾಳೆಯ ಅಡಿಯಲ್ಲಿ ಲೊರೇನ್‌ಳ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: ಕೆಲಸಕ್ಕೆ ಸೇರುವ ಮುನ್ನ ಅಭ್ಯರ್ಥಿಯು ತನ್ನ ಅಡುಗೆಮನೆಯ ನಲ್ಲಿಯನ್ನು ದುರಸ್ತಿ ಮಾಡತಕ್ಕದ್ದು.

"ರಾಜ್ಯದ ಕಾನೂನಿನ ಪ್ರಕಾರ, ತಪಾಸಕನಾದವನು ಕೂಲಿಗೆ..."

"ಕೂಲಿ ಇಲ್ಲ," ಎಂದಳು ಲೊರೇನ್, ಸ್ಪ್ಯಾನರ್ ಅವನ ಕೈಗಿಡುತ್ತಾ.

ವೆಂಡೆಲ್ ಸಹಿ ಹಾಕಿ, ಮಂಡಿಗೆ ದಿಂಬು ಕೊಟ್ಟುಕೊಂಡು, ಸಿಂಕಿನ ಕೆಳಗೆ ತೆವಳಿದ.