ಪುಟ್ಟಿಯ ಉಷ್ಣಾಂಶ

ಪ್ರಾಣಿಮಾತ್ರದ ಮೈಬಿಸಿಯನ್ನು ಹದದಲ್ಲಿಡುವುದು ನಿದ್ರೆ. ನಿದ್ದೆಗೆಟ್ಟ ಜೀವಿಯ ಒಳಗಿನ ಒಲೆ ಮೊದಲು ಹೆಚ್ಚಾಗಿ ಉರಿಯುತ್ತದೆ, ಆಮೇಲೆ ಸೊರಗುತ್ತದೆ. ಕೊನೆಗೆ ಆ ಬಡಪ್ರಾಣಿ ಎಷ್ಟು ತಿಂದರೂ ಚಳಿಗೆ ಮುದುಡಿ ಬೆಚ್ಚನೆಯ ಮೂಲೆ ಹುಡುಕುತ್ತದೆ. ಈ ಗಂಭೀರ ಸತ್ಯವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಮಲೇಷ್ಯಾದ ವೈದ್ಯಕೀಯ ಕಾಲೇಜೊಂದರಲ್ಲಿ ಬೋಧಿಸುತ್ತ ಬಂದಿದ್ದೇನೆ. ನನ್ನ ಪಾಠ ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡಿನಲ್ಲಿರುವುದರಿಂದ ಈವರೆಗೆ ಒಬ್ಬ ವಿದ್ಯಾರ್ಥಿಗೂ ಈ ಅಪಾಯ ತಟ್ಟಿಲ್ಲ.

ಶಾಸ್ತ್ರಕ್ಕೆ ಮನೆಯಲ್ಲಿ ಕೆಲಸ ಬಿದ್ದದ್ದು ಕಳೆದ ಸೆಮಿಸ್ಟರ್ ರಜೆಯಲ್ಲಿ. ಪುಚೊಂಗ್ ಊರಿನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರು ಬಚ್ಚಲಿನ ಟೈಲ್ಸ್ ಕೀಳಿಸಲು ಶುರುಮಾಡಿದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಡ್ರಿಲ್. ನಾವು ಮನುಷ್ಯರು ಹೇಗೋ ಹಲ್ಲು ಕಚ್ಚಿ ಸಹಿಸಿಕೊಂಡೆವು. ಆದರೆ ನಮ್ಮ ಬೆಕ್ಕು ಪುಟ್ಟಿಯ ಡ್ಯೂಟಿಯ ಹೊತ್ತೂ ಅದೇ. ಹಗಲಿಡೀ ಮಲಗುವುದು ಅದರ ವೃತ್ತಿ, ಅದರಲ್ಲಿ ಅದು ಎಂದೂ ರಜೆ ಹಾಕಿದ್ದಿಲ್ಲ. ಅಂಥದ್ದು ನಾಲ್ಕನೆಯ ದಿನ ಕಣ್ಣು ಕೆಂಪು ಮಾಡಿಕೊಂಡು, ಬಿಸಿ ಆರದ ರೈಸ್ ಕುಕ್ಕರಿನ ಮೇಲೆ ಹತ್ತಿ ಕೂತಿತು. ಮಲೇಷ್ಯಾದ ಸೆಕೆಯಲ್ಲಿ!

“ಇದಕ್ಕೆ ಚಳಿ ಆಗ್ತಾ ಉಂಟು ಮಾರಾಯ್ರೆ,” ಎಂದಳು ನನ್ನ ಹೆಂಡತಿ ವಾರಿಜಾ. ಉಡುಪಿ ಬಿಟ್ಟು ಎಷ್ಟು ವರ್ಷವಾದರೂ ಗಾಬರಿಯಾದಾಗ ಅವಳ ಬಾಯಿಗೆ ಬರುವುದು ಊರಿನ ಮಾತೇ. “ಇಲ್ಲೇ ಹತ್ತಿರ ಬಾಂಗ್ಸಾರಿನ ಸುಮಿತ್ರಕ್ಕನ ಮನೆಗೆ ಕಳಿಸುವ. ಅಲ್ಲಿ ಗಲಾಟೆ ಇಲ್ಲ. ಎರಡು ತಿಂಗಳಲ್ಲಿ ಇವರ ಕೆಲಸ ಮುಗೀತದೆ.”

ಎರಡು ತಿಂಗಳು! ನಾನು ಬೆಕ್ಕನ್ನು ಹಚ್ಚಿಕೊಂಡವನಲ್ಲ ಎಂದು ಮನೆಯಲ್ಲಿ ಹಲವು ಸಲ ಘೋಷಿಸಿದ್ದೇನೆ. ಪೇಪರ್ ಓದುವಾಗ ಅದು ನನ್ನ ತೊಡೆಯ ಮೇಲೆ ಮಲಗುವುದನ್ನು ಸಹಿಸುತ್ತೇನೆ, ಅಷ್ಟೆ. ಆದರೆ ಸಹಿಸುವುದಕ್ಕೆ ಇನ್ನೆರಡು ತಿಂಗಳು ಏನೂ ಇರುವುದಿಲ್ಲ ಎಂದಾಗ ಕೈಯಲ್ಲಿದ್ದ ಕಾಫಿ ರುಚಿಸಲಿಲ್ಲ. ಪುರಾವೆಯಿಲ್ಲದೆ ಡ್ರಿಲ್ಲಿನ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ, ಮೊದಲು ಉಷ್ಣಾಂಶ ಅಳೆಯೋಣ ಎಂದೆ. ವಾರಿಜಾ ಸೋಮವಾರದವರೆಗೆ ಗಡುವು ಕೊಟ್ಟಳು.

ಕಿವಿಗೆ ಹಿಡಿಯುವ ಥರ್ಮಾಮೀಟರು, ಗೆರೆ ಹಾಕಿದ ನೋಟ್‌ಬುಕ್ಕು, ಒಂದು ಹಳೆಯ ಟವೆಲ್ಲು. ಹಗಲು ಗಂಟೆಗೊಂದು ಸಲ ಮಂಚದಡಿಯಿಂದ ಬೆಕ್ಕನ್ನು ಎಳೆದು ಟವೆಲ್ಲಿನಲ್ಲಿ ಸುತ್ತಿ, ಕಿವಿ ಹಿಡಿದು, ಅಂಕಿ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ‘ಷರಾ’ ಎಂಬ ಕಾಲಂ. ಮೊದಲ ದಿನ ಅಲ್ಲಿ “ಪ್ರಾಣಿ ಸಹಕರಿಸಿತು” ಎಂದಿದೆ. ಎರಡನೆಯ ದಿನ “ಬಲಗೈಗೆ ಮುಲಾಮು” ಎಂದಿದೆ. ಉಷ್ಣಾಂಶ ನಿಜಕ್ಕೂ ಚೂರುಚೂರೇ ಇಳಿಯುತ್ತಿತ್ತು. ಆದರೆ ನನ್ನ ಆಸೆಯೆಲ್ಲ ಭಾನುವಾರದ ಮೇಲೆ. ಕಾಂಡೋದ ನಿಯಮದಂತೆ ಅಂದು ಡ್ರಿಲ್ ಬಂದ್. ಅಂದೂ ಉಷ್ಣಾಂಶ ಏರದಿದ್ದರೆ ಡ್ರಿಲ್ ನಿರಪರಾಧಿ, ಬೆಕ್ಕು ಬಾಂಗ್ಸಾರಿಗೆ ಹೋಗುವ ಕಾರಣವೇ ಇಲ್ಲ.

ಏರಲಿಲ್ಲ. ಸಂಜೆ ಊಟದ ಮೇಜಿನ ಮೇಲೆ ನೋಟ್‌ಬುಕ್ಕು ಬಿಚ್ಚಿಟ್ಟು, ಪ್ರಬಂಧ ಮಂಡಿಸುವ ಧಾಟಿಯಲ್ಲಿ ತೀರ್ಪು ಓದಿದೆ. ಮಗಳು ಇಳಾ ಷರಾ ಕಾಲಮ್ಮಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಓದಲೂ ಬರುತ್ತದೆ, ಉತ್ತರ ಮಾತ್ರ ಕೊನೆಗೊಂದು ‘ಲಾ’ ಹಚ್ಚುವ ಇಲ್ಲಿನ ಇಂಗ್ಲಿಷಿನಲ್ಲಿ. ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರ: “ಹತ್ತು ಗಂಟೆ: ಗಾಢ ನಿದ್ರೆ, ಎಬ್ಬಿಸಲಾಯಿತು. ಹನ್ನೊಂದು: ಗಾಢ ನಿದ್ರೆ, ಎಬ್ಬಿಸಲಾಯಿತು. ಹನ್ನೆರಡು...”

“ಅಪ್ಪಾ,” ಎಂದಳು ಇಳಾ, “ಯೂ ಆರ್ ದ ಡ್ರಿಲ್ ಲಾ.”

ವಾರಿಜಾ ನೋಟ್‌ಬುಕ್ಕನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು. ಓದುತ್ತ ಓದುತ್ತ ನಗೆಗೆ ಅವಳ ಭುಜ ಕುಲುಕತೊಡಗಿತು.

“ಎಬ್ಬಿಸದೆ ಅಳೆಯೋದು ಹೇಗೆ?” ಎಂದೆ, ಶಾಸ್ತ್ರದ ಪರವಾಗಿ.

“ಅಳೀಲೇಬೇಕು ಅಂತ ಯಾರು ಹೇಳಿದ್ದು ಮಾರಾಯ್ರೆ? ಅದು ಬೆಕ್ಕು, ನಿಮ್ಮ ಲ್ಯಾಬಿನ ಇಲಿ ಅಲ್ಲ. ಮೇಲಿನವರ ಡ್ರಿಲ್ಲಿಗಾದ್ರೂ ಭಾನುವಾರ ರಜೆ ಉಂಟು!”

ನೋಟ್‌ಬುಕ್ಕು ಮುಚ್ಚಿದೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಪುಟ್ಟಿಯನ್ನು ಬುಟ್ಟಿಯಲ್ಲಿಟ್ಟು ಕಾರಿನಲ್ಲಿ ನಾನೇ ಬಿಟ್ಟುಬಂದೆ. ಸಂಜೆ ಸುಮಿತ್ರಕ್ಕ ಫೋನ್ ಮಾಡಿ, ಬಂದಾಗಿನಿಂದ ಸೋಫಾದ ಮೇಲೆ ಒಂದೇ ಸಮನೆ ಮಲಗಿದೆ ಎಂದರು. ಅವರ ಮನೆಯಲ್ಲಿ ಥರ್ಮಾಮೀಟರ್ ಇಲ್ಲ.