ಮಾವನ ಲೆನ್ಸಿಗೆ ತಕ್ಕ ಕ್ಯಾಮೆರಾ

ಕುಣಿಗಲ್ಲಿನ ಕುದುರೆ ಫಾರಂ ಬೇಲಿಯಾಚೆ, ಬೆಳಗಿನ ಮಂಜಿನಲ್ಲಿ, ತಾಯಿಕುದುರೆಯ ಹಿಂದಿನಿಂದ ಒಂದು ಮರಿ ಚಂಗನೆ ನೆಗೆಯಿತು. ಜಯಪ್ರಕಾಶ ಗುಂಡಿ ಒತ್ತಿದ. ಆ ನೆಗೆತಕ್ಕಾಗಿ ಅವನು ಏಳು ಭಾನುವಾರ ಮೊದಲ ಬಸ್ಸು ಹಿಡಿದು ಬಂದಿದ್ದ. ಕ್ಯಾಮೆರಾ ‘ಕಚಕ್’ ಎನ್ನಲಿಲ್ಲ. ಮುದ್ದೆ ಗಂಟಲಿಗೆ ಸಿಕ್ಕಿಕೊಂಡವರಂತೆ ‘ಕ್ಕ್’ ಎಂದು ನಿಂತೇಹೋಯಿತು. ಮರಿ ಮಂಜಿನೊಳಗೆ ಹೋಯಿತು.

“ಬಾಡಿ ಸತ್ತೋಯ್ತು ಸಾರ್,” ಎಂದ ತುಮಕೂರಿನ ರಿಪೇರಿಯವನು. “ಲೆನ್ಸ್ ಮಾತ್ರ ವಜ್ರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ.”

ಲೆನ್ಸು ಮೊಳಕೈ ಉದ್ದದ್ದು, ನಿಕಾನ್ ಕಂಪನಿಯದು. ಗುಬ್ಬಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಸೋದರಮಾವ ದೊಡ್ಡರಂಗಯ್ಯ ಕೊನೆಗಾಲದಲ್ಲಿ ಕ್ಯಾಮೆರಾ ಸಮೇತ ಅದನ್ನು ಇವನ ಕೈಗಿಟ್ಟಿದ್ದರು. ಅವರ ಮಗ ರವೀಶ್ ಆಗ ಕ್ಯಾಮೆರಾ ಎಂದರೆ ಮುಖ ತಿರುಗಿಸುತ್ತಿದ್ದ.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ರೀಲಿನ ಕಾಲ ಮುಗಿಯುತ್ತಿತ್ತು, ಕೊಂಡರೆ ಡಿಜಿಟಲ್ಲನ್ನೇ ಕೊಳ್ಳಬೇಕು. ಯಾವ ಕಂಪನಿಯದು? ಒಬ್ಬರ ಲೆನ್ಸು ಇನ್ನೊಬ್ಬರ ಬಾಡಿಗೆ ಕೂರುವುದಿಲ್ಲ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷದಿಂದ ನಟ್ಟು ಬೋಲ್ಟು ಎಣಿಸಿಕೊಡುತ್ತಿದ್ದ ಸ್ಟೋರ್ ಕೀಪರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಎಲ್ಲರೂ ಹೇಳಿಕೊಟ್ಟರು.

“ಕ್ಯಾನನ್ ತಗಳೋ ಜೆಪಿ,” ಎಂದು ಕ್ಯಾಂಟೀನಿನಲ್ಲಿ ದಿನವೂ ಹಿಡಿದುಕೊಳ್ಳುತ್ತಿದ್ದವನು ಪಕ್ಕದ ಸೆಕ್ಷನ್ನಿನ ದಯಾನಂದ. “ನನ್ನತ್ರ ಕ್ಯಾನನ್ದು ಮೂರು ಲೆನ್ಸ್ ಅವೆ. ಬೇಕಾದಾಗ ಇಸ್ಕಂಡೋಗು. ನಿಮ್ಮಾವನ ಪಿರಂಗಿ ಮಾರ್ಬುಡು.”

“ಪಿರಂಗಿ ಅನ್ಬೇಡ ಕಣೋ. ಅದ್ರಲ್ಲಿ ನೋಡಿದ್ರೆ ಮರಿ ಕುದ್ರೆ ರೆಪ್ಪೆ ಕಾಣ್ತದೆ.”

“ರೆಪ್ಪೆ ಕಟ್ಕಂಡು ಏನ್ಮಾಡ್ತೀಯಾ? ನಿನ್ನತ್ರ ಕ್ಯಾಮೆರಾನೇ ಇಲ್ವಲ್ಲ!”

ಜಯಪ್ರಕಾಶ ರಾತ್ರಿ ನಿಕಾನ್ ಎಂದುಕೊಂಡು ಮಲಗಿ, ಬೆಳಗ್ಗೆ ಕ್ಯಾನನ್ ಎಂದುಕೊಂಡು ಏಳುತ್ತಿದ್ದ. ಮರಳೂರಿನ ಮನೆಯ ಕಿಟಕಿಯಲ್ಲಿ ಲೆನ್ಸನ್ನು ಬರಿಗಣ್ಣಿಗೆ ಹಿಡಿದು, ಎದುರು ಮನೆಯ ಎಮ್ಮೆಯಲ್ಲೇ ಕುದುರೆಯನ್ನು ಹುಡುಕುತ್ತ ಕೂರುತ್ತಿದ್ದ. ಎಮ್ಮೆಯ ಒಡತಿ ಎರಡು ಸಲ ಜಗಳಕ್ಕೂ ಬಂದಳು.

ಕೊನೆಗೆ ತಾಯಿ ಸುಬ್ಬಲಕ್ಷ್ಮಮ್ಮನೇ ದಾರಿ ತೋರಿಸಿದರು. “ಮೂರು ತಿಂಗ್ಳಿಂದ ಅನ್ನ ಸೇರ್ತಿಲ್ಲ ನಿಂಗೆ. ಗುಬ್ಬಿಗೋಗಿ ಮನೆದೇವ್ರತ್ರ ಹೂ ಕೇಳನ ಬಾ. ಬಲಕ್ಕೆ ಕೊಟ್ರೆ ಒಂದು, ಎಡಕ್ಕೆ ಕೊಟ್ರೆ ಇನ್ನೊಂದು. ಆಮ್ಯಾಕೆ ಯೋಚ್ನೆ ಮಾಡಂಗಿಲ್ಲ.”

ಶುಕ್ರವಾರ ರಜೆ ಹಾಕಿ, ದೇವರ ಮುಂದಿಡಲೆಂದು ಲೆನ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು, ತಾಯಿಯ ಜೊತೆ ಹೊರಟ. ಬಸ್ಸಿಳಿದು ನೋಡಿದರೆ, ಗುಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ದಯಾನಂದ ನಿಂತಿದ್ದಾನೆ!

“ನಾನೂ ರಜೆ ಹಾಕ್ದೆ. ಕ್ಯಾನನ್ ಕಡೆಯಿಂದ ಒಬ್ರಾದ್ರೂ ಇರಬೇಕಲ್ಲಪ್ಪ.”

ಪೂಜಾರಿ ಕರಿಸಿದ್ದಪ್ಪ ಮನೆದೇವತೆ ಅಮ್ಮನ ವಿಗ್ರಹದ ಭುಜಗಳ ಮೇಲೆ ಒದ್ದೆ ಕಣಗಿಲೆ ಹೂವುಗಳನ್ನು ಅಂಟಿಸಿ, “ಮನಸ್ನಲ್ಲೇ ಕೇಳ್ಕಳಿ. ಬಾಯ್ಬಿಟ್ಟು ಹೇಳಂಗಿಲ್ಲ,” ಎಂದ.

ಜಯಪ್ರಕಾಶ ಕಣ್ಣು ಮುಚ್ಚಿದ. ಬಲ ನಿಕಾನ್, ಎಡ ಕ್ಯಾನನ್. ತನ್ನ ಆಸೆಯನ್ನು ಶುಭದ ಬದಿಗಿಟ್ಟದ್ದು ಮೋಸವಲ್ಲವೇ ಎಂಬ ಅನುಮಾನ ತಕ್ಷಣ ಕಾಡಿತು. ಅದಲು ಬದಲು ಮಾಡೋಣವೆಂದರೆ ಅಮ್ಮನಿಗೆ ಗೊಂದಲವಾದೀತು. ‘ತಪ್ಪಾಗಿದ್ರೆ ಕ್ಷಮಿಸು ತಾಯಿ, ಯಾವ್ದು ಕೊಟ್ರೂ ಮೀರಲ್ಲ’ ಎಂದು ಮೂರು ಸಲ ಹೇಳಿಕೊಂಡ.

ಕಾಲು ಗಂಟೆಯಾದರೂ ಹೂ ಅಲುಗಲಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು.

“ಏನಪ್ಪಾ ಅಂಥಾದ್ದು ಕೇಳ್ದೆ? ನಮ್ ಬೋರ್‌ವೆಲ್ ವಿಷ್ಯಕ್ಕೂ ಅಮ್ಮ ಇಷ್ಟೊತ್ ತಗಳಲಿಲ್ಲ,” ಎಂದರು ಒಬ್ಬ ಯಜಮಾನರು.

ಎಡಭುಜದ ಹೂವೊಂದು ಕೂದಲೆಳೆಯಷ್ಟು ಜಾರಿತು. “ಬಂತು, ಬಂತು!” ಎಂದು ದಯಾನಂದ ಹಾರಿದ. ಹೂ ಅಲ್ಲೇ ನಿಂತಿತು.

“ಸ್ವಾಮಿ, ಆ ಫ್ಯಾನ್ ಆಫ್ ಮಾಡ್ಸಿ. ಗಾಳಿ ಒಂದೇ ಕಂಪ್ನಿ ಕಡೆ ಬೀಸ್ತೈತೆ,” ಎಂದು ದಯಾನಂದ ಕೂಗಿದ.

“ಏಯ್! ಇದೇನು ಗುಡಿನಾ, ಗ್ರಾಮ ಪಂಚಾಯ್ತಿ ಎಲೆಕ್ಷನ್ನಾ? ಆಚೆ ನಡಿ!” ಎಂದು ಕರಿಸಿದ್ದಪ್ಪ ಗದರುತ್ತಿದ್ದಂತೆ, ಪಟ್ಟನೆ ಹೂ ಬಿತ್ತು. ಬಲಕ್ಕೆ! ಹಿಂದೆಯೇ ಇನ್ನೊಂದು, ಅದೂ ಬಲಕ್ಕೆ!

ಜಯಪ್ರಕಾಶನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ತಾಯಿಯ ಕಣ್ಣಲ್ಲೂ ನೀರು. ಹೆತ್ತ ಕರುಳು ಎಂದುಕೊಂಡ.

“ಇವತ್ತೇ ಹೋಗಿ ತಗಂಬುಡು. ಅಮ್ಮ ಕೊಟ್ಮೇಲೆ ತಡ ಮಾಡಬಾರ್ದು,” ಎಂದು ಸುಬ್ಬಲಕ್ಷ್ಮಮ್ಮ ಟವೆಲಿನ ಗಂಟಿಗೆ ಕೈ ಚಾಚಿದರು. “ಇದು ಮಂಗ್ಳಾರತಿವರ್ಗೂ ಅಮ್ಮನ ಪಾದದಾಗಿರ್ಲಿ. ನಾನು ನೋಡ್ಕಂತೀನಿ.”

ತುಮಕೂರಿನ ಶಿರಾ ಗೇಟಿನ ಹತ್ತಿರದ ಕ್ಯಾಮೆರಾ ಅಂಗಡಿಯವನು ನಿಕಾನ್ ಡಬ್ಬವನ್ನು ತೆಗೆದು, “ಕಿಟ್ ಕೊಡ್ಲಾ ಸಾರ್? ಇನ್ನೊಂಚೂರು ಹಾಕಿದ್ರೆ ಚಿಕ್ಕ ಲೆನ್ಸ್ ಬರುತ್ತೆ,” ಎಂದ.

ಇಂಥ ಮಾತು ಆಡುವ ಅವಕಾಶ ಜಯಪ್ರಕಾಶನಿಗೆ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು, “ಬರೀ ಬಾಡಿ ಕೊಡಿ. ನನ್ನತ್ರ ಲೆನ್ಸ್ ಇದೆ,” ಎಂದ. ಯಾವುದು ಎಂದು ಹೇಳಿದಾಗ ಅಂಗಡಿಯವನು ಎದ್ದು ನಿಂತು ಕೈಕುಲುಕಿದ. ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಅಚ್ಚಾಗಿತ್ತು. ಯಾರು ವಾಪಸು ಕೊಡುತ್ತಾರೆ, ಎಂದು ನಕ್ಕ.

ಮರಳೂರು ತಲುಪುವವರೆಗೂ ಡಬ್ಬವನ್ನು ಬಾಣಂತಿ ಮನೆಯ ಕೂಸಿನಂತೆ ಎದೆಗವಚಿಕೊಂಡಿದ್ದ. ಸಂಜೆ ತಾಯಿ ಬಂದರು. ಕೈಯಲ್ಲಿ ಪ್ರಸಾದದ ಪೊಟ್ಟಣವಿತ್ತು, ಅಷ್ಟೇ.

“ಲೆನ್ಸ್ ಎಲ್ಲಮ್ಮ?”

ಸುಬ್ಬಲಕ್ಷ್ಮಮ್ಮ ಪ್ರಸಾದವನ್ನು ದೇವರ ಮುಂದಿಟ್ಟು, ಕಾಲು ತೊಳೆದು, ನಿಧಾನವಾಗಿ ಬಂದು ಕೂತರು.

“ಒಂದು ವರ್ಷದಿಂದ ನನ್ನ ಮನಸ್ಸು ಕೊರೀತಿತ್ತು ಕಣಪ್ಪ. ಅಣ್ಣ ಸಂಪಾದ್ಸಿದ್ದು ಅವನ ಮಗನಿಗಲ್ವಾ ಸೇರಬೇಕು? ಹೋದ ತಿಂಗಳು ರವೀಶ ಅದೇ ಕಂಪ್ನಿ ಕ್ಯಾಮೆರಾ ತಗಂಡ ಅಂತ ಗೊತ್ತಾದ ಮೇಲಂತೂ ನಿದ್ದೆ ಇಲ್ಲ. ನಿಂಗೆ ಹೆಂಗ್ ಹೇಳ್ಲಿ? ಅದ್ಕೆ ನೀನು ಹೂ ಕೇಳುವಾಗ ನಾನೂ ಕೇಳ್ಕಂಡೆ. ಕೊಡಬೇಕು ಅಂದ್ರೆ ಬಲಕ್ಕೆ ಕೊಡು ತಾಯಿ, ಅಂತ.”

ಜಯಪ್ರಕಾಶ ಡಬ್ಬದ ಮುಚ್ಚಳ ತೆರೆದ.

“ಎರಡೆರಡು ಹೂ ಕೊಟ್ಲಲ್ಲೋ! ನಿಂಗೊಂದು, ನಂಗೊಂದು. ಅಲ್ಲಿಂದ ಸೀದಾ ರವೀಶನ ಮನೆಗೋಗಿ ಕೊಟ್ಬಂದೆ. ನಿಂಗೇನೀಗ, ಹೊಸ ಕ್ಯಾಮೆರಾನೇ ಬಂತಲ್ಲ. ಆ ಹಳೇ ಗಾಜು ಯಾಕೆ?”

ಡಬ್ಬದಲ್ಲಿದ್ದ ಕ್ಯಾಮೆರಾ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು. ದಯಾನಂದನ ಮೂರು ಲೆನ್ಸುಗಳಲ್ಲಿ ಒಂದೂ ಇದಕ್ಕೆ ಕೂರುವುದಿಲ್ಲ. ಕ್ಯಾನನ್ನಿಗೆ ಬಿದ್ದಿದ್ದರೆ? ಹಾಗೆ ಯೋಚಿಸುವಂತಿಲ್ಲ, ಮೀರಲ್ಲ ಎಂದು ಮೂರು ಸಲ ಹೇಳಿಯಾಗಿತ್ತು. ತಾಯಿಯನ್ನು ಬೈಯೋಣವೆಂದರೆ, ಅವರ ಮುಖ ವರ್ಷದ ಭಾರ ಇಳಿದು ಹಗುರಾಗಿತ್ತು.

“ಒಳ್ಳೇದಾಯ್ತು ಬುಡಮ್ಮ,” ಎಂದ.

“ರವೀಶಂಗೆ ಎಷ್ಟು ಖುಷಿ ಅಂತೀಯಾ! ಭಾನ್ವಾರ ಬೆಳಗ್ಗೆ ಕುಣಿಗಲ್‌ಗೆ ಹೋಗ್ತಾನಂತೆ, ಕುದ್ರೆ ಫೋಟೋ ತೆಗ್ಯಕ್ಕೆ. ಭಾವನ್ನೂ ಕಳ್ಸು ಅತ್ತೆ, ಕುದ್ರೆ ಎಲ್ಲಿ ನೆಗೀತವೆ ಅಂತ ಅವ್ರಿಗೇ ಚೆನ್ನಾಗ್ ಗೊತ್ತಿರೋದು, ಅಂದ. ಆ ಗಾಜು ಬಲು ಭಾರ ಅಂತೆ, ಕೈ ನಡುಗ್ತದಂತೆ. ಅದೇನೋ ಮೂರು ಕಾಲಿನ ಸ್ಟ್ಯಾಂಡು ಇದ್ರೆ ತರಬೇಕಂತೆ.”

ಜಯಪ್ರಕಾಶ ಕುರ್ಚಿ ಎಳೆದುಕೊಂಡು ಅಟ್ಟಕ್ಕೆ ಕೈ ಹಾಕಿ, ಸ್ಟ್ಯಾಂಡನ್ನು ಇಳಿಸಿ, ಒಂದೊಂದೇ ಕಾಲಿನ ಧೂಳು ಒರೆಸತೊಡಗಿದ.

“ಮೊದಲ್ನೇ ಬಸ್ಸಿಗೇ ಬರ್ಬೇಕು ಅಂತ ಹೇಳಮ್ಮ ಅವ್ನಿಗೆ,” ಎಂದ. “ಬಿಸ್ಲು ಬಂದ್ರೆ ಮರಿಗಳು ನೆಗ್ಯಲ್ಲ.”